ನಾಯಿಯ ಲಿವರಿನಲ್ಲಿ ತಾಮ್ರ ಸೇರಿದೆಯೇ? ಟಾನಿಕ್‌ಗಿಂತ ಮೊದಲು ಮಾಡಬೇಕಾದ ಕೆಲಸಗಳು

"ಲ್ಯಾಬ್ರಡಾರ್‌ಗೆ ಏಳು ವರ್ಷ. ಎಸ್‌ಜಿಪಿಟಿ 400 ಬಂದಿದೆ. ಯಾವ ಲಿವರ್ ಟಾನಿಕ್ ಕೊಡೋದು?" ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಟಾನಿಕ್ ಹೆಸರೊಂದು ಹೇಳಿಬಿಡುವುದು ಸುಲಭ, ಆದರೆ ಅದರಿಂದ ನಾಯಿಗೆ ಉಪಕಾರವಾಗುವುದಿಲ್ಲ. ಎಸ್‌ಜಿಪಿಟಿ (ಲ್ಯಾಬಿನವರು ಎಎಲ್‌ಟಿ ಎಂದೂ ಬರೆಯುತ್ತಾರೆ) ಲಿವರಿನ ಜೀವಕೋಶದೊಳಗೆ ಇರಬೇಕಾದ ಕಿಣ್ವ. ಅದು ರಕ್ತದಲ್ಲಿ ಏರಿದೆ ಎಂದರೆ ಕೋಶಗಳು ಒಡೆಯುತ್ತಿವೆ ಎಂದರ್ಥ. ಯಾಕೆ ಒಡೆಯುತ್ತಿವೆ ಎಂಬುದನ್ನು ಈ ಒಂದು ಸಂಖ್ಯೆ ಹೇಳುವುದಿಲ್ಲ. ನಾಯಿಗಳ ದೀರ್ಘಕಾಲದ ಲಿವರ್ ಉರಿಯೂತಕ್ಕೆ ಇರುವ ಮುಖ್ಯ ಕಾರಣಗಳಲ್ಲಿ ತಾಮ್ರದ ಶೇಖರಣೆಯೂ ಒಂದು. ಬೇಗ ಗೊತ್ತಾದರೆ ಗುಣ ಕಾಣುವ ಕಾರಣವೂ ಹೌದು. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇವೆ.

ಇಲ್ಲಿ ಕೊಟ್ಟಿರುವ ಔಷಧಿಯ ಪ್ರಮಾಣಗಳು ನೀವು ಡಾಕ್ಟರ ಜೊತೆ ಕೂತು ಮಾತಾಡಲಿಕ್ಕೆ. ಮೆಡಿಕಲ್ ಸ್ಟೋರಿನಿಂದ ತಂದು ನೀವೇ ಶುರುಮಾಡಲಿಕ್ಕಲ್ಲ.

ತಾಮ್ರ ಒಳಗೆ ಮಾಡುವುದೇನು

ತಾಮ್ರ ವಿಷವಲ್ಲ, ದೇಹಕ್ಕೆ ದಿನಾ ಸ್ವಲ್ಪ ಬೇಕು. ಊಟದಿಂದ ಬಂದ ತಾಮ್ರ ಲಿವರಿಗೆ ಹೋಗುತ್ತದೆ. ಬೇಕಾದಷ್ಟು ಬಳಕೆಯಾಗಿ, ಮಿಕ್ಕಿದ್ದು ಪಿತ್ತರಸದ ಮೂಲಕ ಮಲದಲ್ಲಿ ಹೊರಬೀಳುತ್ತದೆ. ಈ ಹೊರಹಾಕುವ ವ್ಯವಸ್ಥೆ ಹುಟ್ಟಿನಿಂದಲೇ ದುರ್ಬಲವಾಗಿದ್ದರೆ, ಅಥವಾ ಊಟದಲ್ಲಿ ಬರುವ ತಾಮ್ರವೇ ಮಿತಿಮೀರಿದರೆ, ಅದು ಕೋಶಗಳಲ್ಲಿ ವರ್ಷಗಟ್ಟಲೆ ಕೂತು ಬೆಳೆಯುತ್ತದೆ. ಬೆಡ್ಲಿಂಗ್ಟನ್ ಟೆರಿಯರ್ ತಳಿಯಲ್ಲಿ ಇದಕ್ಕೆ ಕಾರಣವಾದ ಕಾಮ್‌ಡಿ1 ಜೀನಿನ ದೋಷ 2002ರಲ್ಲಿ ಪತ್ತೆಯಾಯಿತು. ಲ್ಯಾಬ್ರಡಾರ್‌ಗಳಲ್ಲಿ ಎಟಿಪಿ7ಬಿ ಜೀನಿನ ಪಾತ್ರ 2016ರಲ್ಲಿ ಗೊತ್ತಾಯಿತು. ಮನುಷ್ಯರಲ್ಲಿ ತಾಮ್ರ ತುಂಬಿ ಬರುವ ವಿಲ್ಸನ್ ಕಾಯಿಲೆಗೂ ಇದೇ ಜೀನ್ ಕಾರಣ. ಡಾಬರ್‌ಮನ್, ಡಾಲ್ಮೇಷಿಯನ್, ವೆಸ್ಟಿ (ವೆಸ್ಟ್ ಹೈಲ್ಯಾಂಡ್ ವೈಟ್ ಟೆರಿಯರ್) ತಳಿಗಳಲ್ಲೂ ತಾಮ್ರದ ತೊಂದರೆ ಹೆಚ್ಚು. ನಮ್ಮ ಕಡೆ ಮನೆಮನೆಯಲ್ಲಿ ಇರುವುದು ಲ್ಯಾಬ್ರಡಾರ್, ಅದರ ಹಿಂದೆ ಡಾಬರ್‌ಮನ್. ಈ ಎರಡರಲ್ಲೂ ಹೆಣ್ಣುನಾಯಿಗಳಿಗೆ, ಅದರಲ್ಲೂ ನಡುವಯಸ್ಸಿನವಕ್ಕೆ ಬರುವುದು ಜಾಸ್ತಿ.

ಇನ್ನು ಆಕ್ಸಿಡೇಟಿವ್ ಸ್ಟ್ರೆಸ್, ಅಂದರೆ ಉತ್ಕರ್ಷಣದ ಒತ್ತಡ. ಕೋಶದೊಳಗೆ ಶಕ್ತಿ ತಯಾರಾಗುವಾಗ ಸ್ವಲ್ಪ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತಲೇ ಇರುತ್ತದೆ. ಗ್ಲುಟಾಥಯೋನ್ ಎಂಬ ರಕ್ಷಕ ವಸ್ತುವಿನ ನೆರವಿನಿಂದ ಕೋಶ ಅದನ್ನು ನೀರಾಗಿಸುತ್ತದೆ. ಅಲ್ಲಿ ಬಿಡಿ ತಾಮ್ರ ಸಿಕ್ಕರೆ ಅದೇ ಪೆರಾಕ್ಸೈಡ್ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಆಗಿ ಮಾರ್ಪಡುತ್ತದೆ. ಫೆಂಟನ್ ಕ್ರಿಯೆ ಎಂದು ಕರೆಯುವುದು ಇದನ್ನೇ. ಆ ರ‍್ಯಾಡಿಕಲ್ ಕೋಶದ ಪೊರೆಯ ಕೊಬ್ಬನ್ನು, ಮೈಟೋಕಾಂಡ್ರಿಯಾವನ್ನು, ಡಿಎನ್‌ಎಯನ್ನು ಹಾಳುಮಾಡುತ್ತದೆ. ಗ್ಲುಟಾಥಯೋನ್ ಖರ್ಚಾಗುತ್ತಾ ಹೋದ ಹಾಗೆ ಕೋಶ ಸಾಯುತ್ತದೆ, ಉರಿಯೂತ ಶುರುವಾಗುತ್ತದೆ, ಕೊನೆಗೆ ಲಿವರ್ ಗಟ್ಟಿಯಾಗಿ ಸಿರೋಸಿಸ್‌ಗೆ ತಿರುಗುತ್ತದೆ. ತಾಮ್ರವನ್ನು ಹಾಗೇ ಬಿಟ್ಟು ಬರೀ ಆಂಟಿಆಕ್ಸಿಡೆಂಟ್ ಕೊಡುವುದು, ನಲ್ಲಿ ತೆರೆದಿಟ್ಟು ನೆಲ ಒರೆಸಿದ ಹಾಗೆ.

ಹಂತ 1: ಮೊದಲು ಬೇರೆ ಕಾರಣಗಳನ್ನು ಕಳೆಯಿರಿ

ಒಂದು ಸಲ ಎಸ್‌ಜಿಪಿಟಿ ಏರಿತೆಂದು ಹೆದರಬೇಡಿ. ನಮ್ಮ ಜಿಲ್ಲೆಗಳಲ್ಲಿ ಮೊದಲು ನೋಡಬೇಕಾದ್ದು ಉಣ್ಣೆಯಿಂದ ಬರುವ ಟಿಕ್ ಫೀವರ್ (ಎರ್ಲಿಕಿಯ, ಬೇಬಿಸಿಯ) ಮತ್ತು ಲೆಪ್ಟೋಸ್ಪೈರೋಸಿಸ್ (ಇಲಿ ಜ್ವರ). ಎರಡೂ ಲಿವರ್ ಸಂಖ್ಯೆಗಳನ್ನು ಏರಿಸುತ್ತವೆ, ಎರಡಕ್ಕೂ ಬೇರೆಯದೇ ಚಿಕಿತ್ಸೆ. ಆಮೇಲೆ ಬೂಷ್ಟು. ಪಾವಗಡ, ಶಿರಾ, ಚಿಂತಾಮಣಿ ಕಡೆ ದನಕ್ಕೆ ತಂದ ಕಡಲೆಕಾಯಿ ಹಿಂಡಿ, ಮುಸುಕಿನ ಜೋಳದ ನುಚ್ಚು ನಾಯಿಯ ಬಾಯಿಗೂ ಬೀಳುತ್ತದೆ. ಬೂಷ್ಟು ಹಿಡಿದದ್ದರಲ್ಲಿ ಅಫ್ಲಾಟಾಕ್ಸಿನ್ ಇದ್ದರೆ ಅದೂ ಲಿವರನ್ನೇ ಹಿಡಿಯುವುದು.

ನಾಯಿಗೆ ಕೊಟ್ಟ ಔಷಧಿಗಳನ್ನೆಲ್ಲ ಬರೆದಿಡಿ. ಫಿಟ್ಸ್‌ಗೆ ಫೀನೋಬಾರ್ಬಿಟೋನ್, ಕೀಲುನೋವಿಗೆ ನೋವಿನ ಮಾತ್ರೆ, ಚರ್ಮಕ್ಕೆ ಸ್ಟೀರಾಯ್ಡ್, ಜ್ವರ ಬಂತೆಂದು ಮನೆಯಲ್ಲೇ ಕೊಟ್ಟ ಪ್ಯಾರಾಸಿಟಮಾಲ್, ಎಲ್ಲವೂ ಆ ಪಟ್ಟಿಯಲ್ಲಿರಲಿ. ಪ್ಯಾರಾಸಿಟಮಾಲ್ ಗ್ಲುಟಾಥಯೋನನ್ನೇ ಬರಿದು ಮಾಡುತ್ತದೆ. ಲಿವರ್ ಕೆಟ್ಟಿರುವ ನಾಯಿಗೆ ಅದನ್ನು ಮುಟ್ಟಿಸಲೇಬೇಡಿ.

ಇವೆಲ್ಲ ಇಲ್ಲ ಎಂದಾದರೆ ನಾಲ್ಕರಿಂದ ಎಂಟು ವಾರದೊಳಗೆ ಮತ್ತೆ ರಕ್ತ ಪರೀಕ್ಷೆ ಮಾಡಿಸಿ. ನಾಯಿಯಲ್ಲಿ ಎಸ್‌ಜಿಪಿಟಿಯ ಅರ್ಧಾಯುಷ್ಯ ಎರಡು ಮೂರು ದಿನ ಮಾತ್ರ. ಲಿವರಿಗೆ ಒಂದೇ ಸಲ ಪೆಟ್ಟು ಬಿದ್ದಿದ್ದರೆ ವಾರಗಳಲ್ಲಿ ಇಳಿಯಬೇಕು. ಎರಡು ತಿಂಗಳಾದರೂ ಏರಿಕೆ ಹಾಗೇ ಇದೆಯೆಂದರೆ ಒಳಗೆ ಕೆಲಸ ನಡೆಯುತ್ತಲೇ ಇದೆ.

ಎರಡನೇ ಸಲ ಹೋದಾಗ ಇವನ್ನು ಸೇರಿಸಿ ಕೇಳಿ: ಎಎಲ್‌ಪಿ (ಲಿವರಿನ ಇನ್ನೊಂದು ಕಿಣ್ವ), ಬಿಲಿರುಬಿನ್, ಅಲ್ಬುಮಿನ್ (ಲಿವರ್ ತಯಾರಿಸುವ ಪ್ರೋಟೀನ್), ಯೂರಿಯಾ, ಗ್ಲೂಕೋಸ್, ಕೊಲೆಸ್ಟರಾಲ್, ಸಿಬಿಸಿ, ಬೈಲ್ ಆಸಿಡ್ ಪರೀಕ್ಷೆ (ಖಾಲಿ ಹೊಟ್ಟೆಯಲ್ಲಿ ಒಂದು ಸಲ, ಊಟವಾಗಿ ಎರಡು ಗಂಟೆಗೆ ಇನ್ನೊಂದು ಸಲ), ಹೊಟ್ಟೆಯ ಸ್ಕ್ಯಾನ್, ಮೂತ್ರ ಪರೀಕ್ಷೆ. ಮೂತ್ರ ಪರೀಕ್ಷೆಯನ್ನು ಬಿಡಬೇಡಿ. ರಕ್ತದಲ್ಲಿ ಸಕ್ಕರೆ ಸರಿಯಾಗಿದ್ದು ಮೂತ್ರದಲ್ಲಿ ಮಾತ್ರ ಸಕ್ಕರೆ ಕಂಡರೆ ತಾಮ್ರ ಕಿಡ್ನಿಯ ನಾಳಗಳನ್ನೂ ಹಿಡಿದಿರಬಹುದು. ಲ್ಯಾಬ್ರಡಾರ್‌ಗಳಲ್ಲಿ ಇದನ್ನು ಕಂಡಿದ್ದಾರೆ. ಅದನ್ನು ಸಕ್ಕರೆ ಕಾಯಿಲೆ ಎಂದು ತಿಳಿದು ಇನ್ಸುಲಿನ್ ಕೊಟ್ಟರೆ ಪ್ರಾಣಕ್ಕೇ ಬರುತ್ತದೆ.

ಎರಡು ಕಡೆ ಜನ ಎಡವುತ್ತಾರೆ. ರಕ್ತದ ತಾಮ್ರ, ಅದನ್ನು ರಕ್ತದಲ್ಲಿ ಹೊರುವ ಸೆರುಲೋಪ್ಲಾಸ್ಮಿನ್ ಎಂಬ ಪ್ರೋಟೀನಿನ ಪರೀಕ್ಷೆ ಮಾಡಿಸಿ "ನಾರ್ಮಲ್ ಇದೆ" ಎಂದು ಸಮಾಧಾನ ಪಡುವುದು ಒಂದು. ನಾಯಿಯ ರಕ್ತದಲ್ಲಿರುವ ತಾಮ್ರ ಲಿವರಿನ ಸ್ಥಿತಿಯನ್ನು ತೋರಿಸುವುದಿಲ್ಲ. ಹಳೆಯ ಕಾಯಿಲೆಯಲ್ಲಿ ಎಸ್‌ಜಿಪಿಟಿ ಇಳಿದದ್ದನ್ನು ನೋಡಿ ಗುಣವಾಯಿತು ಎಂದುಕೊಳ್ಳುವುದು ಇನ್ನೊಂದು. ಒಡೆಯಲು ಕೋಶಗಳೇ ಉಳಿಯದಿದ್ದಾಗಲೂ ಅದು ಇಳಿಯುತ್ತದೆ. ಅಲ್ಬುಮಿನ್ ಕುಸಿಯುತ್ತಿದೆಯೇ ಎಂದು ಜೊತೆಯಲ್ಲೇ ನೋಡಿ.

ಹಂತ 2: ಬಯಾಪ್ಸಿ

ತಾಮ್ರ ಇದೆಯೋ ಇಲ್ಲವೋ ಖಚಿತವಾಗುವುದು ಲಿವರಿನ ಚೂರು ತೆಗೆದು ನೋಡಿದಾಗ ಮಾತ್ರ. ಸಣ್ಣ ಸೂಜಿಯಲ್ಲಿ ಕೋಶ ಎಳೆದು ನೋಡುವ ಎಫ್‌ಎನ್‌ಎಸಿ ಇದಕ್ಕೆ ಸಾಲದು. ಜಿಲ್ಲಾ ಕೇಂದ್ರದ ಪಶು ಆಸ್ಪತ್ರೆಯಿಂದ ರೆಫರಲ್ ಚೀಟಿ ತಗೊಂಡು ಬೆಂಗಳೂರಿಗೆ ಹೋಗಬೇಕಾಗಬಹುದು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಚಿಕ್ಕಬಳ್ಳಾಪುರದಿಂದ ಸುಮಾರು 50 ಕಿ.ಮೀ., ತುಮಕೂರು ಮತ್ತು ಕೋಲಾರದಿಂದ ಸುಮಾರು 70 ಕಿ.ಮೀ. ಸರ್ಕಾರಿ ಆಸ್ಪತ್ರೆಯಾಗಲಿ ಖಾಸಗಿಯಾಗಲಿ, ಹೊರಡುವ ಮೊದಲೇ ಫೋನ್ ಮಾಡಿ ಮೂರು ವಿಷಯ ಕೇಳಿ: ಲಿವರ್ ಬಯಾಪ್ಸಿ ಮಾಡುತ್ತೀರಾ, ಲ್ಯಾಪರೋಸ್ಕೋಪಿ (ಸಣ್ಣ ರಂಧ್ರದಿಂದ ಕ್ಯಾಮೆರಾ ಹಾಕಿ ಮಾಡುವುದು) ಇದೆಯೇ, ತಾಮ್ರದ ಅಳತೆಗೆ ಸ್ಯಾಂಪಲ್ ಎಲ್ಲಿಗೆ ಕಳಿಸುತ್ತೀರಿ. ಕೊನೆಯದನ್ನು ಕೇಳದೆ ಹೋದರೆ ಬಯಾಪ್ಸಿ ಆಗಿಯೂ ಮುಖ್ಯ ಉತ್ತರ ಸಿಗದೆ ವಾಪಸು ಬರುವಂತಾಗುತ್ತದೆ.

ಮೊದಲು ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಆಗಿರಲಿ: ಪ್ಲೇಟ್‌ಲೆಟ್ ಎಣಿಕೆ, ಪಿಟಿ, ಎಪಿಟಿಟಿ. ಉಣ್ಣೆ ಇರುವ ಸೀಮೆಯಲ್ಲಿ ಪ್ಲೇಟ್‌ಲೆಟ್ ಇಳಿದಿರುವುದು ಸಾಮಾನ್ಯ, ಅದನ್ನು ಸರಿಮಾಡದೆ ಸೂಜಿ ಹಾಕುವಂತಿಲ್ಲ.

ಒಟ್ಟು ಐದು ಚೂರು, ಕನಿಷ್ಠ ಎರಡು ಬೇರೆ ಬೇರೆ ಹಾಲೆಗಳಿಂದ ತೆಗೆಯುವಂತೆ ಕೇಳಿ. ಮೂರು ಫಾರ್ಮಲಿನ್‌ನಲ್ಲಿ ಹಿಸ್ಟೋಪೆಥಾಲಜಿಗೆ (ಸೂಕ್ಷ್ಮದರ್ಶಕದಲ್ಲಿ ನೋಡಲು), ಒಂದು ಬ್ಯಾಕ್ಟೀರಿಯಾ ಕಲ್ಚರ್‌ಗೆ, ಒಂದು ತಾಮ್ರದ ಅಳತೆಗೆ. ಕಲ್ಚರ್ ಚೂರು ಫಾರ್ಮಲಿನ್ ಮುಟ್ಟಬಾರದು. ಸೂಜಿಯಿಂದ ತೆಗೆಯುವುದಾದರೆ 14 ಗೇಜ್ ಇರಲಿ. ಅದಕ್ಕಿಂತ ಸಣ್ಣದರಲ್ಲಿ ಬರುವ ತುಣುಕು ಓದಲಿಕ್ಕೆ ಸಾಲುವುದಿಲ್ಲ. ಹಿಸ್ಟೋಪೆಥಾಲಜಿ ಫಾರಂ ಮೇಲೆ "ರೋಡನೀನ್ ಸ್ಟೇನ್ ಮಾಡಿ" ಎಂದು ಡಾಕ್ಟರ ಕೈಲಿ ಬರೆಸಿ. ತಾಮ್ರವನ್ನು ಕೆಂಪು-ಕಂದು ಕಾಳುಗಳಾಗಿ ತೋರಿಸುವ ಬಣ್ಣ ಅದು. ಮಾಮೂಲಿ ಬಣ್ಣದಲ್ಲಿ ತಾಮ್ರ ಕಣ್ತಪ್ಪುತ್ತದೆ.

ಬಯಾಪ್ಸಿಗೆ ಮೊದಲೇ "ಟ್ರೈ ಮಾಡೋಣ" ಎಂದು ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಶುರುಮಾಡುವುದು ಎಲ್ಲೆಡೆ ಕಾಣುತ್ತದೆ. ತುರ್ತು ಇಲ್ಲದಿದ್ದರೆ ಬೇಡವೆಂದು ವಿನಯದಿಂದಲೇ ಹೇಳಿ. ಅದು ಎಎಲ್‌ಪಿಯನ್ನು ತಾನೇ ಏರಿಸುತ್ತದೆ, ಲಿವರಿನ ಚಿತ್ರವನ್ನು ಬದಲಿಸುತ್ತದೆ, ತಾಮ್ರವನ್ನು ಹೊರಹಾಕುವುದೂ ಇಲ್ಲ.

ಹಂತ 3: ರಿಪೋರ್ಟ್ ಓದುವುದು

ತಾಮ್ರವನ್ನು ಒಣತೂಕದ ಪ್ರತಿ ಗ್ರಾಮಿಗೆ ಇಷ್ಟು ಮೈಕ್ರೋಗ್ರಾಂ ಎಂದು ಕೊಡುತ್ತಾರೆ. ಪಿಪಿಎಂ ಎಂದಿದ್ದರೂ ಒಂದೇ. 400ರೊಳಗೆ ಇದ್ದರೆ ಸಹಜ. 1000 ದಾಟಿ, ಉರಿಯೂತವೂ ಇದ್ದರೆ ತಾಮ್ರವೇ ಕಾರಣವೆಂದು ಚಿಕಿತ್ಸೆ ಶುರುಮಾಡುತ್ತಾರೆ. 600ರಿಂದ 1000ದ ನಡುವೆ ಇದ್ದರೆ ತಳಿ, ಲಕ್ಷಣ, ರೋಡನೀನ್ ಚಿತ್ರ ಮೂರನ್ನೂ ಕೂಡಿಸಿ ತೀರ್ಮಾನಿಸಬೇಕು.

ಸಂಖ್ಯೆಯಷ್ಟೇ ಮುಖ್ಯ, ತಾಮ್ರ ಎಲ್ಲಿ ಕೂತಿದೆ ಎಂಬುದು. ಸೆಂಟ್ರಿಲೋಬ್ಯುಲರ್ ಅಥವಾ ಜೋನ್ 3 ಎಂದು ಬರೆದಿದ್ದರೆ, ಅಂದರೆ ಮಧ್ಯದ ರಕ್ತನಾಳದ ಸುತ್ತ ಇದ್ದರೆ, ತಾಮ್ರವೇ ಮೂಲ ಕಾರಣ ಎನ್ನಲು ಬಲ ಬರುತ್ತದೆ. ಪೆರಿಪೋರ್ಟಲ್ ಎಂದಿದ್ದರೆ ಪಿತ್ತ ಕಟ್ಟಿಕೊಂಡು ತಾಮ್ರ ಆಮೇಲೆ ಸೇರಿರಬಹುದು, ಆಗ ಪಿತ್ತಕೋಶದ ಕಡೆ ನೋಡಬೇಕು. ಗಂಟುಗಂಟಾಗಿ ಹೊಸದಾಗಿ ಬೆಳೆದ ಭಾಗದಲ್ಲಿ ತಾಮ್ರ ಕಡಿಮೆ ಇರುತ್ತದೆ. ಸೂಜಿ ಅಂಥ ಕಡೆ ಬಿದ್ದಿದ್ದರೆ ಸಂಖ್ಯೆ ಮೋಸ ಮಾಡುತ್ತದೆ.

ಬಯಾಪ್ಸಿ ಸಾಧ್ಯವೇ ಇಲ್ಲದವರು (ನಾಯಿಯ ಸ್ಥಿತಿಯಿಂದಲೋ ಖರ್ಚಿನಿಂದಲೋ) 5, 6 ಮತ್ತು 7ನೇ ಹಂತಗಳನ್ನು ಡಾಕ್ಟರ ಒಪ್ಪಿಗೆಯಿಂದ ಶುರುಮಾಡಿ, ಆರರಿಂದ ಎಂಟು ವಾರಕ್ಕೆ ಎಸ್‌ಜಿಪಿಟಿ ನೋಡಿ. ತಾಮ್ರ ಹೊರಹಾಕುವ ಔಷಧಿಯನ್ನು ಅಂದಾಜಿನ ಮೇಲೆ ಕೊಡುವುದು ಬೇರೆ ಮಾತು. ಅದರ ಅಪಾಯ ಸಣ್ಣದಲ್ಲ.

ಹಂತ 4: ತಾಮ್ರ ಹೊರಹಾಕುವ ಔಷಧಿ

ಡಿ-ಪೆನಿಸಿಲಮೈನ್ ಮೊದಲ ಆಯ್ಕೆ. ತಾಮ್ರವನ್ನು ಹಿಡಿದುಕೊಂಡು ಮೂತ್ರದ ಮೂಲಕ ಸಾಗಿಸುತ್ತದೆ. ಇಂಥ ಔಷಧಿಗೆ ಕೀಲೇಟರ್ ಎನ್ನುತ್ತಾರೆ. 1956ರಿಂದ ಮನುಷ್ಯರ ವಿಲ್ಸನ್ ಕಾಯಿಲೆಗೆ ಬಳಕೆಯಲ್ಲಿದೆ, ಆದ್ದರಿಂದ ಪಶು ಔಷಧಿ ಅಂಗಡಿಯಲ್ಲಿ ಸಿಗದಿದ್ದರೆ ದೊಡ್ಡ ಮೆಡಿಕಲ್ ಸ್ಟೋರಿನಲ್ಲಿ ಚೀಟಿ ತೋರಿಸಿ ತರಿಸಿಕೊಳ್ಳಿ. ಪೆನಿಸಿಲಿನ್ ಬೇರೆ, ಇದು ಬೇರೆ. ಕೌಂಟರಿನಲ್ಲಿ ಹೆಸರನ್ನು ಎರಡು ಸಲ ನೋಡಿ ತಗೊಳ್ಳಿ.

ಪ್ರಮಾಣ ಕೆ.ಜಿ.ಗೆ 10ರಿಂದ 15 ಮಿ.ಗ್ರಾಂ., ದಿನಕ್ಕೆ ಎರಡು ಸಲ. 25 ಕೆ.ಜಿ. ಲ್ಯಾಬ್ರಡಾರ್‌ಗೆ 250 ಮಿ.ಗ್ರಾಂ. ಕ್ಯಾಪ್ಸೂಲ್ ಬೆಳಗ್ಗೆ ಒಂದು, ಸಂಜೆ ಒಂದು ಎಂದಾಗುತ್ತದೆ. ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಎರಡು ಗಂಟೆ ನಂತರ, ಖಾಲಿ ಹೊಟ್ಟೆಗೇ ಕೊಡಬೇಕು. ಊಟದ ಜೊತೆ ಕೊಟ್ಟರೆ ಮೈಗೆ ಹತ್ತುವುದು ಬಹಳ ಕಡಿಮೆಯಾಗುತ್ತದೆ. ಕಬ್ಬಿಣ, ಜಿಂಕ್, ಕ್ಯಾಲ್ಸಿಯಂ ಮಾತ್ರೆಗಳನ್ನೂ ಇದರ ಜೊತೆ ಕೊಡಬೇಡಿ.

ಸಾಮಾನ್ಯ ತೊಂದರೆ ವಾಂತಿ. ಮೊದಲ ವಾರ ಕಡಿಮೆ ಪ್ರಮಾಣದಲ್ಲಿ ಶುರುಮಾಡಿ ನಿಧಾನವಾಗಿ ಏರಿಸಿದರೆ ಬಹಳ ನಾಯಿಗಳು ತಡೆದುಕೊಳ್ಳುತ್ತವೆ. ಆದರೂ ವಾಂತಿ ನಿಲ್ಲದಿದ್ದರೆ ಬೇಯಿಸಿದ ಕೋಳಿಯ ಒಂದು ಸಣ್ಣ ಚೂರಿನಲ್ಲಿಟ್ಟು ಕೊಡಿ. ವಾಂತಿಯಲ್ಲಿ ಔಷಧಿಯೇ ಹೊರಬೀಳುವುದಕ್ಕಿಂತ ಅದು ಮೇಲು. ವಿಟಮಿನ್ ಬಿ6 ಜೊತೆಗಿರಲಿ, ಯಾಕೆಂದರೆ ಪೆನಿಸಿಲಮೈನ್ ಅದನ್ನು ಕರಗಿಸುತ್ತದೆ. ಜ್ವರ, ಚರ್ಮದಲ್ಲಿ ಗುಳ್ಳೆ, ಮೂತ್ರದಲ್ಲಿ ಪ್ರೋಟೀನ್ ಕಂಡರೆ ತಕ್ಷಣ ಡಾಕ್ಟರಿಗೆ ತಿಳಿಸಿ. ಬಸುರಿ ನಾಯಿಗೆ ಕೊಡುವಂತಿಲ್ಲ.

ಎಷ್ಟು ಕಾಲ? ಶುರುವಿನಲ್ಲಿ ತಾಮ್ರ ಎಷ್ಟಿತ್ತು ಎಂಬುದರ ಮೇಲೆ ಆರು ತಿಂಗಳೋ, ಒಂಬತ್ತು ತಿಂಗಳೋ, ಕೆಲವಕ್ಕೆ ಇನ್ನೂ ಹೆಚ್ಚೋ. ಎಸ್‌ಜಿಪಿಟಿ ಸಹಜಕ್ಕೆ ಬಂದು ನಿಂತ ಮೇಲೆ, ಸಾಧ್ಯವಾದರೆ ಮರು ಬಯಾಪ್ಸಿ ಮಾಡಿಸಿ, ಔಷಧಿ ನಿಲ್ಲಿಸಬೇಕು. ಲೆಕ್ಕವಿಲ್ಲದೆ ಮುಂದುವರಿಸಿದರೆ ತಾಮ್ರದ ಕೊರತೆಯಾಗಿ ರಕ್ತಹೀನತೆ ಬರುತ್ತದೆ, ನಾಯಿ ಸೊರಗುತ್ತದೆ.

ಜಿಂಕ್ ಇನ್ನೊಂದು ದಾರಿ. ಕರುಳಿನ ಕೋಶಗಳಲ್ಲಿ ಮೆಟಲೋಥಯೋನೀನ್ ಎಂಬ ಪ್ರೋಟೀನ್ ಹೆಚ್ಚಿಸುತ್ತದೆ. ಅದು ಊಟದ ತಾಮ್ರವನ್ನು ಅಲ್ಲೇ ಹಿಡಿದಿಟ್ಟು ಮಲದಲ್ಲಿ ಕಳಿಸುತ್ತದೆ. ಪರಿಣಾಮ ಕಾಣಲು ಮೂರು ತಿಂಗಳಾದರೂ ಬೇಕು, ಆದ್ದರಿಂದ ಈಗಾಗಲೇ ತುಂಬಿರುವ ಲಿವರನ್ನು ಇದರಿಂದ ಖಾಲಿ ಮಾಡಲು ಹೊರಡಬೇಡಿ. ಪೆನಿಸಿಲಮೈನ್ ಮುಗಿದ ಮೇಲೆ ಮತ್ತೆ ತುಂಬದಂತೆ ತಡೆಯಲು ಇದರ ಉಪಯೋಗ. ಎರಡನ್ನೂ ಒಟ್ಟಿಗೆ ಕೊಟ್ಟರೆ ಒಂದನ್ನೊಂದು ಹಿಡಿದುಕೊಂಡು ಎರಡೂ ವ್ಯರ್ಥ. ಚೀಟಿಯಲ್ಲಿರುವುದು ಎಲಿಮೆಂಟಲ್ ಜಿಂಕ್ ಲೆಕ್ಕವೋ, ಲವಣದ ಲೆಕ್ಕವೋ ಎಂದು ಕೇಳಿ ಖಚಿತ ಮಾಡಿಕೊಳ್ಳಿ. 50 ಮಿ.ಗ್ರಾಂ. ಜಿಂಕ್ ಗ್ಲುಕೋನೇಟ್‌ನಲ್ಲಿ ಇರುವ ಜಿಂಕ್ ಬರೀ 7 ಮಿ.ಗ್ರಾಂ. ಆಸುಪಾಸು. ಹೆಚ್ಚಾದರೆ ಕೆಂಪು ರಕ್ತಕಣ ಒಡೆಯುತ್ತವೆ, ಹಾಗಾಗಿ ರಕ್ತದ ಜಿಂಕ್ ಮಟ್ಟ ನೋಡುತ್ತಿರಬೇಕು.

ಹಂತ 5: ಊಟ

ಮನೆಯವರ ಕೈಯಲ್ಲಿರುವ ಅತಿ ದೊಡ್ಡ ಔಷಧಿ ಇದು. ಗುರಿ ಇಷ್ಟು: 100 ಕ್ಯಾಲೊರಿ ಊಟಕ್ಕೆ ತಾಮ್ರ 0.12 ಮಿ.ಗ್ರಾಂ. ಮೀರಬಾರದು. 25 ಕೆ.ಜಿ. ನಾಯಿಗೆ ದಿನಕ್ಕೆ ಸುಮಾರು 1200 ಕ್ಯಾಲೊರಿ ಎಂದಿಟ್ಟುಕೊಂಡರೆ, ಇಡೀ ದಿನಕ್ಕೆ 1.4 ಮಿ.ಗ್ರಾಂ. ತಾಮ್ರ ಮಿತಿ.

ಈಗ ಮಟನ್ ಅಂಗಡಿಯಿಂದ ನಾಯಿಗೆಂದು ತರುವ ಕುರಿ ಲಿವರ್ ನೋಡಿ. 100 ಗ್ರಾಂನಲ್ಲಿ ಸುಮಾರು 7 ಮಿ.ಗ್ರಾಂ. ತಾಮ್ರ, ಅಂದರೆ ಐದು ದಿನದ ಮಿತಿ ಒಂದೇ ಹೊತ್ತಿಗೆ ಹೋಯಿತು. "ಲಿವರ್ ವೀಕ್ ಇದೆ, ಲಿವರ್ ತಿನ್ನಿಸಿ" ಎಂಬ ಮಾತು ಎಲ್ಲ ಊರಿನಲ್ಲೂ ಇದೆ. ಈ ಕಾಯಿಲೆಯಲ್ಲಿ ಅದಕ್ಕಿಂತ ಕೆಟ್ಟ ಸಲಹೆ ಇಲ್ಲ.

ರಾಗಿ ಮುದ್ದೆಯ ಬಗ್ಗೆ ಕೇಳದವರಿಲ್ಲ. ರಾಗಿಯಲ್ಲಿ ಬಿಳಿ ಅಕ್ಕಿಗಿಂತ ಎರಡು ಮೂರು ಪಟ್ಟು ತಾಮ್ರ ಇರುತ್ತದೆ, ಕ್ಯಾಲೊರಿ ಲೆಕ್ಕ ಹಾಕಿದರೆ ನಮ್ಮ ಮಿತಿಯನ್ನು ದಾಟುತ್ತದೆ. ಆರೋಗ್ಯವಾಗಿರುವ ನಾಯಿಗೆ ಮುದ್ದೆ ನಿಲ್ಲಿಸಬೇಕಾಗಿಲ್ಲ. ತಾಮ್ರ ಖಚಿತವಾದ ನಾಯಿಗೆ ಮಾತ್ರ ಮುದ್ದೆ ಬಿಟ್ಟು ಅನ್ನಕ್ಕೆ ಬನ್ನಿ. ಹುರುಳಿ, ಅವರೆ, ಕಡಲೆ, ಕಡಲೆಕಾಯಿ, ಎಳ್ಳು, ಹುಚ್ಚೆಳ್ಳು, ಅಣಬೆ ಎಲ್ಲವೂ ತಾಮ್ರ ಹೆಚ್ಚಿರುವ ಪದಾರ್ಥಗಳು. ಆದ್ದರಿಂದ ಬಸ್ಸಾರು, ಹುರುಳಿಕಾಳಿನ ಸಾರು ಕಲಸಿದ ಅನ್ನವೂ ಬೇಡ. ತಿಪಟೂರು ಕಡೆ ಪ್ರೀತಿಯಿಂದ ಹಾಕುವ ಕೊಬ್ಬರಿ ಚೂರೂ ಬೇಡ.

ಕಡಿಮೆ ತಾಮ್ರದ ಪದಾರ್ಥಗಳು ನಮ್ಮಲ್ಲಿ ಸುಲಭವಾಗಿ ಸಿಗುತ್ತವೆ: ಬಿಳಿ ಅಕ್ಕಿ, ಮೊಟ್ಟೆ, ಮೊಸರು, ಪನೀರ್, ಚರ್ಮ ತೆಗೆದ ಕೋಳಿಯ ಎದೆ ಮಾಂಸ. 25 ಕೆ.ಜಿ. ನಾಯಿಗೆ ಒಂದು ದಿನದ ಉದಾಹರಣೆ:

ಅಕ್ಕಿ 150 ಗ್ರಾಂ (ಬೇಯಿಸುವ ಮೊದಲಿನ ತೂಕ), ಕೋಳಿ ಎದೆ ಮಾಂಸ 250 ಗ್ರಾಂ, ಬೇಯಿಸಿದ ಮೊಟ್ಟೆ 2, ಮೊಸರು 150 ಗ್ರಾಂ, ಅಡುಗೆ ಎಣ್ಣೆ 20 ಗ್ರಾಂ, ನುಣ್ಣಗೆ ಅರೆದ ಮೊಟ್ಟೆ ಚಿಪ್ಪಿನ ಪುಡಿ 4 ಗ್ರಾಂ.

ಇದು ಸುಮಾರು 1200 ಕ್ಯಾಲೊರಿ, ತಾಮ್ರ 0.6 ಮಿ.ಗ್ರಾಂ. ಒಳಗೆ. ಚಿಪ್ಪಿನ ಪುಡಿ ಕ್ಯಾಲ್ಸಿಯಂಗೆ, ಅದನ್ನು ಬಿಟ್ಟರೆ ತಿಂಗಳುಗಳಲ್ಲಿ ಮೂಳೆ ಸವೆಯುತ್ತದೆ. ಪೆನಿಸಿಲಮೈನ್ ಕೊಡುವ ಹೊತ್ತಿಗೂ ಈ ಊಟಕ್ಕೂ ಮೇಲೆ ಹೇಳಿದ ಅಂತರ ಇರಲಿ. ಬೇರೆ ಖನಿಜ, ವಿಟಮಿನ್‌ಗಳಿಗೆ ತಾಮ್ರವಿಲ್ಲದ ಪೂರಕವನ್ನು ಡಾಕ್ಟರ ಹತ್ತಿರ ಬರೆಸಿಕೊಳ್ಳಿ. ಈರುಳ್ಳಿ, ಬೆಳ್ಳುಳ್ಳಿ, ಒಗ್ಗರಣೆ ಹಾಕಬೇಡಿ. ದಿನಕ್ಕೆ ಮೂರು ನಾಲ್ಕು ಸಣ್ಣ ಊಟ ಮಾಡಿಸಿ. ಲಿವರ್ ಕಾಯಿಲೆ ಎಂದ ಕೂಡಲೇ ಮಾಂಸ, ಮೊಟ್ಟೆ ಬಿಡಿಸಿ ಗಂಜಿಯಲ್ಲಿ ಇಡುವುದು ತಪ್ಪು. ಲಿವರ್ ಮತ್ತೆ ಬೆಳೆಯಲು ಪ್ರೋಟೀನ್ ಬೇಕು. ಮಿದುಳಿಗೆ ಅಮೋನಿಯಾ ಏರಿದ ಲಕ್ಷಣಗಳಿದ್ದರೆ (8ನೇ ಹಂತದಲ್ಲಿ ಹೇಳಿದೆ) ಮಾತ್ರ ಪ್ರೋಟೀನ್ ಕಡಿತ.

ಪ್ಯಾಕೆಟ್ ಆಹಾರ ಹಾಕುವವರು ಚೀಲದ ಮೇಲೆ ತಾಮ್ರದ ಪ್ರಮಾಣ ಹುಡುಕಿ, ಬರೆದಿಲ್ಲದಿದ್ದರೆ ಕಂಪನಿಗೆ ಮೇಲ್ ಮಾಡಿ ಕೇಳಿ. ಕೆ.ಜಿ.ಗೆ 15 ಮಿ.ಗ್ರಾಂ. ತಾಮ್ರ, 3500 ಕ್ಯಾಲೊರಿ ಇದ್ದರೆ 15ನ್ನು 35ರಿಂದ ಭಾಗಿಸಿ: 100 ಕ್ಯಾಲೊರಿಗೆ 0.43 ಮಿ.ಗ್ರಾಂ. ನಮ್ಮ ಮಿತಿಯ ಮೂರೂವರೆ ಪಟ್ಟು. ಪಶು ಆಹಾರಕ್ಕೆ ಅಮೆರಿಕದ ಆಫ್ಕೋ ಸಂಸ್ಥೆ ಹಾಕಿರುವ ಮಾನದಂಡದಲ್ಲಿ ತಾಮ್ರಕ್ಕೆ ಕನಿಷ್ಠ ಮಿತಿ ಇದೆ, ಗರಿಷ್ಠ ಮಿತಿ ಇಲ್ಲ. ಹಾಗಾಗಿ "ಕಂಪ್ಲೀಟ್ ಅಂಡ್ ಬ್ಯಾಲೆನ್ಸ್ಡ್" ಎಂಬ ಬರಹ ಈ ವಿಷಯದಲ್ಲಿ ಧೈರ್ಯ ಕೊಡುವುದಿಲ್ಲ. ಹೆಪಾಟಿಕ್ ಎಂಬ ಹೆಸರಿನ ಚಿಕಿತ್ಸಾ ಆಹಾರಗಳಲ್ಲಿ ತಾಮ್ರ ಕಡಿಮೆ ಇರುತ್ತದೆ. ಅವುಗಳಲ್ಲಿ ಪ್ರೋಟೀನೂ ಕಡಿಮೆ ಇರುವುದರಿಂದ ಮೊಟ್ಟೆ ಅಥವಾ ಪನೀರ್ ಸೇರಿಸಬೇಕಾಗಬಹುದು.

ಹಂತ 6: ಮನೆ, ತೋಟದ ತಾಮ್ರ

ತಾಮ್ರದ ಹಂಡೆ, ಬಿಂದಿಗೆಯಲ್ಲಿ ರಾತ್ರಿಯಿಟ್ಟ ನೀರನ್ನು ನಾಯಿಗೆ ಹಾಕಬೇಡಿ. ಸ್ಟೀಲ್ ಬಟ್ಟಲು ಇರಲಿ. ಕೋಲಾರ, ಚಿಕ್ಕಬಳ್ಳಾಪುರದ ಬೋರ್‌ವೆಲ್ ಎಂದರೆ ಫ್ಲೋರೈಡ್ ನೆನಪಾಗುತ್ತದೆ, ಅದು ಬೇರೆ ಸಮಸ್ಯೆ. ಇಲ್ಲಿ ನೋಡಬೇಕಾದ್ದು ತಾಮ್ರ. ಅನುಮಾನವಿದ್ದರೆ ಲ್ಯಾಬಿಗೆ ಕೊಡಿ, ಲೀಟರಿಗೆ 0.1 ಮಿ.ಗ್ರಾಂ. ಒಳಗಿದ್ದರೆ ಒಳ್ಳೆಯದು.

ದ್ರಾಕ್ಷಿ, ಟೊಮೆಟೊ, ಅಡಿಕೆ ತೋಟದವರು ಇನ್ನಷ್ಟು ಎಚ್ಚರದಿಂದಿರಬೇಕು. ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ ಬೀಳುತ್ತದೆ. ಮೈಲುತುತ್ತ ಎಂದರೆ ತಾಮ್ರದ ಸಲ್ಫೇಟೇ. ಟೊಮೆಟೊಗೆ ಹೊಡೆಯುವ ಕಾಪರ್ ಆಕ್ಸಿಕ್ಲೋರೈಡ್ ಕೂಡ ತಾಮ್ರವೇ. ಡ್ರಮ್ ತೊಳೆದ ನೀರು ನಿಂತ ಗುಂಡಿ, ತಳದಲ್ಲಿ ನೀಲಿ ಉಳಿದ ಬಕೆಟ್ ನಾಯಿಗೆ ಎಟುಕದಂತೆ ಮಾಡಿ. ಔಷಧಿ ಹೊಡೆದ ದಿನ ಕಟ್ಟಿಹಾಕಿ, ತೋಟದಿಂದ ಬಂದರೆ ಕಾಲು ತೊಳೆಯಿರಿ, ಯಾಕೆಂದರೆ ನಾಯಿ ಕಾಲು ನೆಕ್ಕಿಕೊಳ್ಳುತ್ತದೆ. ಉದುರಿದ ದ್ರಾಕ್ಷಿ ನಾಯಿಯ ಕಿಡ್ನಿಗೂ ವಿಷ.

ಮನೆಯಲ್ಲಿರುವ ಟಾನಿಕ್ ಬಾಟಲಿಗಳನ್ನೆಲ್ಲ ತಿರುಗಿಸಿ ಓದಿ. ರಕ್ತ ಹೆಚ್ಚಿಸುವ ಸಿರಪ್, ಮಲ್ಟಿವಿಟಮಿನ್, ಕೂದಲಿನ ಟಾನಿಕ್‌ಗಳಲ್ಲಿ ಕಾಪರ್ ಸಲ್ಫೇಟ್ ಎಂಬ ಸಾಲು ಬಹಳ ಸಲ ಸಿಗುತ್ತದೆ. ಅಂಥದನ್ನು ನಿಲ್ಲಿಸಿ.

ಹಂತ 7: ಆಂಟಿಆಕ್ಸಿಡೆಂಟ್

ಇವುಗಳ ಜಾಗ ಇಲ್ಲಿ, ತಾಮ್ರ ತಗ್ಗಿಸುವ ಕೆಲಸದ ಜೊತೆಗೆ. ವಿಟಮಿನ್ ಇ ಕೆ.ಜಿ.ಗೆ 10 ಐಯು, ದಿನಕ್ಕೊಂದು ಸಲ ಊಟದ ಜೊತೆ, 400 ಐಯು ಮೀರಬಾರದು. ಎಸ್‌ಎಎಂಇ ಗ್ಲುಟಾಥಯೋನ್ ತಯಾರಿಗೆ ಕಚ್ಚಾ ಸಾಮಗ್ರಿ: ಕೆ.ಜಿ.ಗೆ 20 ಮಿ.ಗ್ರಾಂ., ಖಾಲಿ ಹೊಟ್ಟೆಗೆ, ಮಾತ್ರೆ ಮುರಿಯದೆ. ಮೇಲಿನ ಲೇಪ ಒಡೆದರೆ ಹೊಟ್ಟೆಯಲ್ಲೇ ಹಾಳಾಗುತ್ತದೆ. ಪಿತ್ತ ಹರಿಯಲು ಉರ್ಸೋಡಿಆಕ್ಸಿಕೋಲಿಕ್ ಆಸಿಡ್ ಕೆ.ಜಿ.ಗೆ 10ರಿಂದ 15 ಮಿ.ಗ್ರಾಂ., ಊಟದ ಜೊತೆ. ಪಿತ್ತನಾಳ ಪೂರ್ತಿ ಮುಚ್ಚಿದ್ದರೆ ಇದನ್ನು ಕೊಡುವಂತಿಲ್ಲ, ಸ್ಕ್ಯಾನ್ ಮೊದಲು. ಸಿಲಿಮರಿನ್ ಕೊಡಬಹುದು. ವಿಟಮಿನ್ ಸಿ ಮಾತ್ರೆ ಬೇಡ: ತಾಮ್ರ ತುಂಬಿದ ಕಡೆ ಅದು ಉತ್ಕರ್ಷಣವನ್ನು ಹೆಚ್ಚಿಸಬಲ್ಲದು.

ಹಂತ 8: ಗಮನಿಸುತ್ತಾ ಹೋಗುವುದು

ಮೊದಲು ತಿಂಗಳಿಗೊಮ್ಮೆ, ಸ್ಥಿರವಾದ ಮೇಲೆ ಎರಡು ಮೂರು ತಿಂಗಳಿಗೊಮ್ಮೆ ಎಸ್‌ಜಿಪಿಟಿ, ಅಲ್ಬುಮಿನ್, ಸಿಬಿಸಿ, ಮೂತ್ರದ ಪ್ರೋಟೀನ್. ಸಾಧ್ಯವಾದಷ್ಟೂ ಒಂದೇ ಲ್ಯಾಬಿನಲ್ಲಿ ಮಾಡಿಸಿ. ತಾರೀಖು, ತೂಕ, ಎಸ್‌ಜಿಪಿಟಿ, ಅಲ್ಬುಮಿನ್, ಔಷಧಿಯ ಪ್ರಮಾಣ ಐದನ್ನೂ ಒಂದೇ ಪುಸ್ತಕದಲ್ಲಿ ಸಾಲಾಗಿ ಬರೆಯಿರಿ. ಬೇರೆ ಡಾಕ್ಟರ ಹತ್ತಿರ ಹೋದಾಗ ಆ ಒಂದು ಪುಟ ಸಾಕು.

ಇವು ಕಂಡರೆ ಬೆಳಗಾಗುವವರೆಗೆ ಕಾಯಬೇಡಿ:

- ಕಣ್ಣು, ವಸಡು ಹಳದಿ ತಿರುಗುವುದು. ನಾಟಿ ಔಷಧಿಗೆ ಓಡಾಡಿ ಸಮಯ ಕಳೆಯಬೇಡಿ.
- ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ಬಂದು ವಸಡು ಬಿಳುಚಿಕೊಳ್ಳುವುದು. ಲಿವರಿನಿಂದ ಒಮ್ಮೆಲೇ ತಾಮ್ರ ಬಿಟ್ಟುಕೊಂಡು ರಕ್ತಕಣ ಒಡೆಯುತ್ತಿರಬಹುದು.
- ಹೊಟ್ಟೆಯಲ್ಲಿ ನೀರು ತುಂಬಿ ಉಬ್ಬುವುದು.
- ಗೋಡೆಗೆ ತಲೆ ಒತ್ತಿ ನಿಲ್ಲುವುದು, ಗುರಿಯಿಲ್ಲದೆ ಸುತ್ತುವುದು, ಜೊಲ್ಲು, ಫಿಟ್ಸ್. ಇದು ಅಮೋನಿಯಾ ಮಿದುಳಿಗೆ ಏರಿದ ಲಕ್ಷಣ. ಇದಕ್ಕೆ ಲ್ಯಾಕ್ಟುಲೋಸ್ ಕೊಡುತ್ತಾರೆ, ಆದರೆ ಎಚ್ಚರವಿಲ್ಲದ ನಾಯಿಯ ಬಾಯಿಗೆ ನೀವು ಏನನ್ನೂ ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ.
- ಮಲ ಟಾರಿನಂತೆ ಕಪ್ಪಾಗುವುದು, ರಕ್ತ ವಾಂತಿ.

ಹೊರಡುವಾಗ ಆ ಪುಸ್ತಕ, ಬಯಾಪ್ಸಿ ರಿಪೋರ್ಟ್, ಈಗ ಕೊಡುತ್ತಿರುವ ಔಷಧಿಗಳ ಸ್ಟ್ರಿಪ್‌ಗಳನ್ನು ಒಂದೇ ಚೀಲಕ್ಕೆ ಹಾಕಿಕೊಳ್ಳಿ. ದಾರಿಯಲ್ಲೇ ಆಸ್ಪತ್ರೆಗೆ ಫೋನ್ ಮಾಡಿ "ತಾಮ್ರದ ಲಿವರ್ ಕಾಯಿಲೆಯ ನಾಯಿ, ಪೆನಿಸಿಲಮೈನ್ ಮೇಲಿದೆ" ಎಂದು ಹೇಳಿಬಿಡಿ.